ಎಳೆ ಮುಟ್ಟುವ ಸಾಮಾನು

ಕೈಮಗ್ಗಕ್ಕೆ ಬೇಕಾದ ಸಣ್ಣಪುಟ್ಟ ಸಾಮಾನುಗಳಲ್ಲಿ ಹಣಿಗೆಯೊಂದನ್ನು ಬಿಟ್ಟು ಹೆಚ್ಚಿನವನ್ನು ನಾನು ಮನೆಯಲ್ಲೇ ಮಾಡಿಕೊಳ್ಳುತ್ತೇನೆ. ಅರವತ್ತರ ಹಣಿಗೆಯಲ್ಲಿ 2 ಇಂಚಿಗೆ 60 ಸಂದುಗಳಿರುತ್ತವೆ. ಒಂದೊಂದರಲ್ಲಿ ಎರಡೆರಡು ಎಳೆ ಪೋಣಿಸಿದರೆ ಇಂಚಿಗೆ 60 ಎಳೆ. ಒಂದು ಹಲ್ಲು ಓರೆಯಾದರೂ ಬಟ್ಟೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಅದನ್ನು ಕೊಂಡೇ ತರಬೇಕು.

ಹಾಸಿನ ಎಳೆಗಳನ್ನು ಎತ್ತಿ ಇಳಿಸುವ ಹೀಲ್ಡ್ ಕುಣಿಕೆಗಳ ಮಾತು ಬೇರೆ. ಇವನ್ನು ಕಟ್ಟಲು ಮೊದಲು ಒಂದು ಅಚ್ಚು ಬೇಕು: ಹಲಗೆಯ ಮೇಲೆ ಸಾಲಾಗಿ ಹೊಡೆದ, ತಲೆ ಕತ್ತರಿಸಿದ ನಾಲ್ಕು ಮೊಳೆ. ತುದಿಯ ಮೊಳೆಗಳ ನಡುವಿನ ಅಂತರವೇ ಕುಣಿಕೆಯ ಉದ್ದ, ಒಳಗಿನ ಎರಡರ ಅಂತರವೇ ಎಳೆ ಹಾಯುವ ಕಣ್ಣು. ಗಟ್ಟಿ ಹುರಿಯ ಹತ್ತಿದಾರವನ್ನು ಕೆಳಮೊಳೆಗೆ ಸಿಕ್ಕಿಸಿ, ಕಣ್ಣಿನ ಕೆಳಗೊಂದು, ಮೇಲೊಂದು, ತುದಿಗೊಂದು ಗಂಟು ಹಾಕಬೇಕು. ಅಳತೆಯನ್ನು ಟೇಪಿನಿಂದಲ್ಲ, ಮಗ್ಗದಲ್ಲಿರುವ ಹಳೆಯ ಕುಣಿಕೆಯಿಂದಲೇ ತೆಗೆದುಕೊಳ್ಳಿ. ಒಂದು ಕಣ್ಣು ಅರ್ಧ ಸೆಂಟಿಮೀಟರ್ ಕೆಳಗಿದ್ದರೆ ಸಾಕು, ಆ ಎಳೆ ಲಾಳಿಯ ದಾರಿಗೆ ಅಡ್ಡ ಜೋತುಬೀಳುತ್ತದೆ. ನೂರು ಕುಣಿಕೆ ಸರಿಯಿದ್ದು ಏನು ಬಂತು, ಲಾಳಿ ಮುಗ್ಗರಿಸುವುದು ಆ ಒಂದರಲ್ಲೇ.

ಎಳೆ ಮುಟ್ಟುವ ಯಾವ ಸಾಮಾನನ್ನೂ ಎಳೆಯ ಕೈಯಲ್ಲೇ ಪರೀಕ್ಷೆ ಮಾಡಿಸಬೇಕೆಂಬುದು ನನ್ನ ನಂಬಿಕೆ. ಎಳೆಗಳ ಸರದಿ ಕಾಯುವ ಬಿದಿರಿನ ಕಡ್ಡಿಗಳನ್ನು ಉಪ್ಪುಕಾಗದದಿಂದ ಉಜ್ಜಿದ ಮೇಲೆ ಬೆರಳಾಡಿಸಿದರೆ ನುಣುಪಾಗಿಯೇ ಇರುತ್ತವೆ. ಆದರೆ ಒಂದಿಷ್ಟು ಅರಳೆಯನ್ನು ಉದ್ದಕ್ಕೂ ಎಳೆದು ನೋಡಿ, ಗಿಣ್ಣಿನ ಹತ್ತಿರ ಒಂದೆರಡು ನಾರು ಸಿಕ್ಕಿಕೊಂಡು ನಿಲ್ಲುತ್ತವೆ. ಅಲ್ಲಿ ಮತ್ತೆ ಉಜ್ಜಬೇಕು. ಬೆರಳಿಗೆ ತಿಳಿಯದ ಸಿಬಿರು ರೇಷ್ಮೆಗೆ ತಿಳಿಯುತ್ತದೆ.

ಹಣಿಗೆಯ ಸಂದಿನಿಂದ ಎಳೆ ಸೆಳೆಯುವ ಕೊಕ್ಕೆಯನ್ನು ಹಳೆಯ ಎಕ್ಸ್-ರೇ ಹಾಳೆಯಿಂದ ಕತ್ತರಿಸುತ್ತೇನೆ. ತೆಳುವಾದರೂ ಹರಿಯದು. ಹಾಸಿನ ಎಳೆ ತುಂಡಾದಾಗ ಹೊಸ ಎಳೆ ಕಟ್ಟಿ, ಮಗ್ಗದ ಹಿಂದೆ ಔಷಧಿಯ ಖಾಲಿ ಶೀಶೆಯೊಂದನ್ನು ಅದಕ್ಕೆ ತೂಗಬಿಡುತ್ತೇನೆ. ಅಕ್ಕಪಕ್ಕದ ಎಳೆಗಳನ್ನು ಬೆರಳಲ್ಲಿ ಒತ್ತಿ ನೋಡುತ್ತಾ, ಅಷ್ಟೇ ಬಿಗಿ ಬರುವವರೆಗೆ ಶೀಶೆಗೆ ಮರಳು ಸುರಿಯಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬಟ್ಟೆಯ ಅಗಲ ಕುಗ್ಗದಂತೆ ಹಿಡಿಯುವ ಬಿದಿರಿನ ಬಿಲ್ಲು. ಇಳಕಲ್ಲಿನ ಕುಣಿಮಗ್ಗದ ಪಕ್ಕ ಕೂತು ನೋಡಿ ಕಲಿತದ್ದು. ಬಿದಿರಿನ ಸೀಳನ್ನು ಬಾಗಿಸಿ, ಎರಡೂ ತುದಿಯ ಪಿನ್ನುಗಳನ್ನು ಅಂಚುಗಳಿಗೆ ಚುಚ್ಚಿದರೆ ಸೀಳು ನೇರವಾಗಲು ಹವಣಿಸುತ್ತಾ ಬಟ್ಟೆಯನ್ನು ಅಗಲಕ್ಕೆ ಎಳೆದು ಹಿಡಿಯುತ್ತದೆ. ಇದರ ಅಳತೆಯನ್ನು ನೆಯ್ದ ಬಟ್ಟೆಯಿಂದ ತೆಗೆಯಬಾರದು, ಏಕೆಂದರೆ ಅದು ಆಗಲೇ ಒಳಗೆ ಸರಿದಿರುತ್ತದೆ. ಹಣಿಗೆಯಲ್ಲಿ ಹಾಸು ಎಷ್ಟು ಅಗಲವಿದೆಯೋ ಅಷ್ಟು ಇಡಬೇಕು. ಇಲ್ಲದಿದ್ದರೆ ಅಂಚಿನ ಎಳೆಗಳು ಹಣಿಗೆಗೆ ಓರೆಯಾಗಿ ಉಜ್ಜಿ ಸವೆದು ಹರಿಯುತ್ತವೆ. ಒಂದೆರಡು ಇಂಚು ನೆಯ್ದಂತೆಲ್ಲ ಬಿಲ್ಲನ್ನು ಮುಂದಕ್ಕೆ ಸರಿಸಿ. ಪಿನ್ನು ಹಿತ್ತಾಳೆಯದಿರಲಿ, ಕಬ್ಬಿಣದ್ದು ಮಳೆಗಾಲದಲ್ಲಿ ಬಿಳಿ ಅಂಚಿಗೆ ತುಕ್ಕಿನ ಕಲೆ ಹತ್ತಿಸುತ್ತದೆ.