ಇಂಜಿನ್ ಆರಿಸುವುದು ಏರು ನೋಡಿ, ಆವರೇಜ್ ನೋಡಿ ಅಲ್ಲ

ಬಸವಕಲ್ಯಾಣ, ಹುಮನಾಬಾದ್ ಕಡೆ ಸರಕಿನ ಗಾಡಿ ಕೊಳ್ಳಲು ಹೊರಟವರು ಮೊದಲು ಕೇಳುವುದು, "ಆವರೇಜ್ ಎಷ್ಟು ಕೊಡ್ತದ?" ಅಂತ. ಆಮೇಲೆ ಕೇಳುವುದು ತಿಂಗಳ ಕಂತು. ತುಂಬಿದ ಲೋಡಿನ ಸಮೇತ ಏರು ಹತ್ತುತ್ತದೋ ಇಲ್ಲವೋ ಎಂದು ಕೇಳುವವರು ಕಡಿಮೆ. ನಮ್ಮ ಮನೆಯಲ್ಲಿ ಅದನ್ನು ಕೇಳಿದವಳು ನಾನೊಬ್ಬಳೇ. "ಹೆಣ್ಮಕ್ಕಳಿಗ ಇಂಜನ್ ಬಗ್ಗೆ ಏನ್ ತಿಳಿತದ?" ಎಂದು ಸೋದರಮಾವ ಬಾಯಿ ಮುಚ್ಚಿಸಿದರು. ಆ ಮಾತಿನ ಬೆಲೆ ಎಷ್ಟಾಯಿತು ಎಂಬುದನ್ನು ಬರೆಯಲೇಬೇಕು. ಈಗಲೂ ಯಾರೋ ಒಬ್ಬರು ಅದೇ ಮಾತು ಕೇಳಿಕೊಂಡು ತಪ್ಪು ಗಾಡಿಗೆ ಮುಂಗಡ ಕೊಡುತ್ತಿರಬಹುದು.

ನಮ್ಮದು ಕಿರಾಣಿ ಸಗಟು ವ್ಯಾಪಾರ. ಬಸವಕಲ್ಯಾಣದಿಂದ ಬೆಲ್ಲ ಒಯ್ಯುತ್ತೇವೆ, ಕಲಬುರಗಿಯಿಂದ ತೊಗರಿ ಬೇಳೆ, ಸಕ್ಕರೆ, ಎಣ್ಣೆ ತರುತ್ತೇವೆ. ಹುಮನಾಬಾದ್, ಚಿಟಗುಪ್ಪದ ಅಂಗಡಿಗಳಿಗೆ ಹಂಚುತ್ತೇವೆ. ಮಳೆಗೂ ದೂಳಿಗೂ ಬೇಳೆ ಹಾಳಾಗಬಾರದೆಂದು ಮುಚ್ಚಿದ ಡಬ್ಬಿಯ ಗಾಡಿಯೇ ಬೇಕಿತ್ತು.

ಇಂಜಿನ್ ನನಗೆ ಹೊಸತಲ್ಲ. ಬಸವಕಲ್ಯಾಣದ ಆಟೋನಗರದಲ್ಲಿ ಲಾರಿ ಇಂಜಿನ್ ಬಿಚ್ಚಿ ಕಟ್ಟುವ ಮಿಸ್ತ್ರಿಯ ಮಗಳು ನಾನು. ಅಪ್ಪನ ಶೆಡ್ಡಿಗೆ ಬರುತ್ತಿದ್ದ ಹಳೆಯ ಟೆಂಪೊಗಳಲ್ಲಿ ಬಜಾಜ್ ಟೆಂಪೊ ಕಂಪನಿ ಮರ್ಸಿಡಿಸ್‌ನ ಪರವಾನಗಿ ಪಡೆದು ಕಟ್ಟಿದ ಓಎಂ 616 ಡೀಸೆಲ್ ಇಂಜಿನ್ ನೋಡಿದ್ದೆ. ನಾಲ್ಕು ಸಿಲಿಂಡರ್, 2.4 ಲೀಟರ್. ವೇಗ ಕಡಿಮೆ, ಆದರೆ ತುಂಬಿದ ಗಾಡಿಯನ್ನು ಎಳೆದೇ ಎಳೆಯುತ್ತಿತ್ತು. ಅಪ್ಪ ಹೇಳುತ್ತಿದ್ದರು: "ಓಡೋ ಹೋರಿ ಬ್ಯಾರೆ, ಗಳ್ಯಾ ಎಳಿಯೋ ಎತ್ತು ಬ್ಯಾರೆ." ಮಾವ ಕೊಳ್ಳ ಹೊರಟದ್ದು ಹೋರಿಯನ್ನು.

ಅದೊಂದು ಸಣ್ಣ ಇಂಜಿನ್ನಿನ ಸಿಎನ್‌ಜಿ ಗಾಡಿ. ಕಂಪನಿಯ ಹೆಸರು ಬರೆಯುವುದಿಲ್ಲ. ಊರೊಳಗೆ ಓಡಾಡಲು ಕಟ್ಟಿದ ಗಾಡಿ ಅದು, ಆ ಕೆಲಸಕ್ಕೆ ಚೆನ್ನಾಗಿಯೇ ಇತ್ತು. ತಪ್ಪು ಗಾಡಿಯದಲ್ಲ, ಅದನ್ನು ತಪ್ಪು ದಾರಿಗೆ ಹಚ್ಚಿದವರದ್ದು. ಸಸ್ತಾಪುರ ಬಂಗ್ಲಾದಿಂದ ರಾಜೇಶ್ವರದ ಕಡೆಗೆ ಹೆದ್ದಾರಿಯಲ್ಲಿ ಖಾಲಿ ಗಾಡಿ ಓಡಿಸಿ ತೋರಿಸಿದರು. ಖಾಲಿ ಗಾಡಿ, ಸಪಾಟು ರಸ್ತೆ. ಓಡದೆ ಏನು ಮಾಡೀತು? "ಲೋಡ್ ಹಾಕಿ ಒಮ್ಮೆ ಕಮಲಾಪುರದ ಆಚೆಯ ಏರು ಹತ್ತಿಸಿ ನೋಡೋಣ" ಎಂದೆ. ಮಾರುವವನು ನಕ್ಕ. ಮಾವನಿಗೆ ಅವಮಾನವಾದಂತಾಯಿತು. ಅರ್ಧ ಹಣ ಅವರದ್ದು, ಮಾತೂ ಅವರದ್ದೇ ನಡೆಯಿತು.

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವವರಿಗೆ ಈ ತೊಂದರೆ ಗೊತ್ತಾಗುವುದಿಲ್ಲ. ಹೈದರಾಬಾದ್–ಸೊಲ್ಲಾಪುರದ 65ನೇ ರಾಷ್ಟ್ರೀಯ ಹೆದ್ದಾರಿ ಇಲ್ಲಿ ಎತ್ತರದ ಬಯಲಿನ ಮೇಲೇ ಸಾಗುತ್ತದೆ. ಹುಮನಾಬಾದಿನಿಂದ ಕಲಬುರಗಿಗೆ ಇಳಿಯುವ 50ನೇ ಹೆದ್ದಾರಿಯದು ಬೇರೆಯೇ ಕತೆ. ಹುಮನಾಬಾದ್ ಇರುವುದು ಸಮುದ್ರ ಮಟ್ಟದಿಂದ 600 ಮೀಟರಿಗೂ ಮೇಲೆ, ಕಲಬುರಗಿ ಇರುವುದು 450 ಮೀಟರಿನ ಆಸುಪಾಸು. 2017ರಲ್ಲಿ ಶುರುವಾದ ಬೀದರ್–ಕಲಬುರಗಿ ರೈಲು ಮಾರ್ಗಕ್ಕೆ ಮರಗುತ್ತಿಯ ಹತ್ತಿರ ಗುಡ್ಡ ಕೊರೆದು ಸುರಂಗ ಮಾಡಬೇಕಾಯಿತು. ರೈಲಿಗೇ ಅಡ್ಡ ಬಂದ ಗುಡ್ಡ ನಮ್ಮ ಗಾಡಿಗೆ ಅಡ್ಡ ಬರುವುದಿಲ್ಲವೇ? ನಾವು ಹೋಗುವಾಗ ಇಳಿಜಾರು, ಹಗುರ ಲೋಡು. ಬರುವಾಗ ಏರು, ತುಂಬಿದ ಲೋಡು. ಇದನ್ನು ಮಾವನಿಗೆ ಕಾಗದದ ಮೇಲೆ ಗೆರೆ ಎಳೆದು ತೋರಿಸಿದ್ದೆ.

ಬೇಸಿಗೆ, ಮದುವೆಗಳ ಕಾಲ. ಹುಮನಾಬಾದಿನ ಒಂದು ಮನೆಯವರು ಮದುವೆ ಊಟದ ಸಾಮಾನನ್ನೆಲ್ಲ ನಮಗೇ ಒಪ್ಪಿಸಿದ್ದರು. ಮರುದಿನ ಬೆಳಿಗ್ಗೆ ಅಡುಗೆ. ಕಲಬುರಗಿಯಲ್ಲಿ ಹಮಾಲರು ಸಿಗದೆ ತಡವಾಯಿತು, ಹೊರಡುವಾಗ ಹೊತ್ತು ಇಳಿದಿತ್ತು. ಆದರೂ ಡಾಂಬರು ಕುದಿಯುತ್ತಿತ್ತು. ನಾನು ಡ್ರೈವರನ ಪಕ್ಕದಲ್ಲಿ, ಹಮಾಲಿ ಹುಡುಗ ಬಾಗಿಲ ಕಡೆ. ಆರ್‌ಸಿಯಲ್ಲಿ ಬರೆದ ತೂಕಕ್ಕಿಂತ ಒಂದು ಚೀಲವೂ ಹೆಚ್ಚಿರಲಿಲ್ಲ. ತೂಕದ ಚೀಟಿ ನನ್ನ ಕೈಯಲ್ಲೇ ಇತ್ತು.

ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣಿನ ಅಂಗಡಿಗಳ ಹತ್ತಿರ ನಿಲ್ಲಿಸಿ ಇಂಜಿನ್ ಆರಲು ಬಿಟ್ಟೆವು. ಹೊರಟು ಸ್ವಲ್ಪ ದೂರಕ್ಕೇ ಏರು ಶುರು. ಮೂರನೇ ಗೇರು ಸಾಲದೆ ಎರಡನೆಯದು, ಅದೂ ಸಾಲದೆ ಒಂದನೆಯದು. ಬಿಸಿಯ ಮುಳ್ಳು ಕೆಂಪು ಗೆರೆ ಮುಟ್ಟಿತು. ಮುಂದೆ ಕಲ್ಲು ತುಂಬಿದ ಲಾರಿಯೊಂದು ತೆವಳುತ್ತಿತ್ತು. ಅದು ಇನ್ನಷ್ಟು ನಿಧಾನವಾದಾಗ ನಮ್ಮ ಗಾಡಿಯ ಉಸಿರು ಕಟ್ಟಿತು, ನಿಂತೇಬಿಟ್ಟಿತು.

ಏರಿನ ನಡುವೆ ತುಂಬಿದ ಗಾಡಿ ನಿಂತರೆ ಮತ್ತೆ ಎಬ್ಬಿಸುವುದೇ ಇಂಜಿನ್ನಿಗೆ ದೊಡ್ಡ ಪರೀಕ್ಷೆ. ಡ್ರೈವರ್ ಕ್ಲಚ್ ಬಿಡುತ್ತಾ ರೇಸ್ ಕೊಟ್ಟ. ಗಾಡಿ ನಡುಗಿ ಬಂದ್ ಆಯಿತು. ಮತ್ತೆ ಚಾಲೂ ಮಾಡಿ ಇನ್ನೂ ಹೆಚ್ಚು ರೇಸ್ ಕೊಟ್ಟ. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಕ್ಯಾಬಿನ್ ತುಂಬ ತುಂಬಿತು. ಆಗ ಹುಡುಗ ಕೂಗಿದ: "ಅಕ್ಕಾ, ಗಾಡಿ ಹಿಂದ ಸರಿಲತ್ತದ!"

ಹ್ಯಾಂಡ್ ಬ್ರೇಕ್ ಎಳೆದರೂ ಹಿಡಿಯಲಿಲ್ಲ. ಹುಡುಗ ಇಳಿದು ಹಿಂದಕ್ಕೆ ಓಡಿದ. ಕಟ್ಟಿಗೆಯ ತುಂಡು ಗಾಲಿಯ ಕೆಳಗೆ ಒತ್ತಿದ. ಅದು ಜಾರಿತು. ಕನ್ನಡಿಯಲ್ಲಿ ನನಗೆ ಕಂಡದ್ದು ಅವನ ಬಗ್ಗಿದ ಬೆನ್ನು, ಅದರ ಹಿಂದೆ ಬಸ್ಸಿನ ಎರಡು ದೀಪ. ನಾನು ಕಿರುಚಿದೆ ಎಂದು ಡ್ರೈವರ್ ಆಮೇಲೆ ಹೇಳಿದ, ನನಗೆ ನೆನಪಿಲ್ಲ. ನೆನಪಿರುವುದು ಇಷ್ಟೇ: ಆ ಹುಡುಗನ ತಾಯಿಗೆ ಏನು ಹೇಳಲಿ ಎಂಬ ಒಂದೇ ಯೋಚನೆ. ಹುಡುಗ ತುಂಡನ್ನು ಕಾಲಿನಿಂದ ಒದ್ದು ಮತ್ತೆ ಒಳಗೆ ತಳ್ಳಿದ. ಗಾಡಿ ಕುಲುಕಿ ನಿಂತಿತು. ಗಾಲಿಗೂ ಅವನ ಪಾದಕ್ಕೂ ನಡುವೆ ಒಂದು ಗೇಣೂ ಇರಲಿಲ್ಲ.

ಬಸ್ಸಿನ ಡ್ರೈವರ್ ಸಮಯಕ್ಕೆ ಬ್ರೇಕ್ ಹಾಕಿ ಗಾಡಿ ಅಡ್ಡ ನಿಲ್ಲಿಸಿ ದೀಪ ಮಿನುಗಿಸುತ್ತಾ ನಮ್ಮನ್ನು ಕಾಯ್ದ. ಪ್ರಯಾಣಿಕರು ಇಳಿದು ಬಂದು ಕಲ್ಲು ಕೊಟ್ಟರು, ಚೀಲ ಇಳಿಸಲು ಕೈ ಹಚ್ಚಿದರು. ಅರ್ಧ ಲೋಡು ರಸ್ತೆಯ ಬದಿಗೆ ಇಳಿಯಿತು. ಕತ್ತಲೆಯಲ್ಲಿ ಬೇಳೆ ಚೀಲಗಳ ಕಾವಲಿಗೆ ಕೂತೆ. ಆಟೋನಗರಕ್ಕೆ ಖಾಲಿ ಹೊರಟಿದ್ದ ಲಾರಿಯವರೊಬ್ಬರು ಅಪ್ಪನ ಹೆಸರು ಕೇಳಿ ಗುರುತು ಹಿಡಿದು ಚೀಲಗಳನ್ನು ಹೇರಿಕೊಂಡರು, ನಮ್ಮ ಗಾಡಿಯನ್ನು ಸರಪಳಿ ಕಟ್ಟಿ ಏರಿನ ತುದಿಗೆ ಎಳೆದರು. ಬಾಡಿಗೆ ಎಂದು ಕೊಟ್ಟ ಹಣ ಮುಟ್ಟಲಿಲ್ಲ.

ಮದುವೆ ಮನೆ ಮುಟ್ಟಿದಾಗ ನಡುರಾತ್ರಿ ದಾಟಿತ್ತು. ಅಡುಗೆಯವರು ಒಲೆ ಹೊತ್ತಿಸದೆ ಕೂತಿದ್ದರು. ವಧುವಿನ ತಂದೆ ಒಂದೂ ಮಾತಾಡಲಿಲ್ಲ. ಆ ಮನೆತನದಿಂದ ನಮಗೆ ಮತ್ತೆ ಆರ್ಡರ್ ಬಂದಿಲ್ಲ.

ಮಾವ ಏನೆಂದರು ಗೊತ್ತೇ? "ಡ್ರೈವರಗ ಗೇರ್ ಹಾಕಲಾಕ ಬರಲ್ಲ." ನಮ್ಮ ಡ್ರೈವರ್ ಆ ಮಾತಿಗೆ ಕೆಲಸ ಬಿಟ್ಟು ಹೋದ. ಹುಡುಗನ ಕಾಲು ಹೋಗಿದ್ದರೂ ಅವರು ಅದನ್ನೇ ಹೇಳುತ್ತಿದ್ದರೇನೋ. ಇದನ್ನು ಮಾತ್ರ ನಾನು ಕ್ಷಮಿಸಿಲ್ಲ.

ಅಲ್ಲಿ ನಡೆದದ್ದು ಲೆಕ್ಕ, ದೈವವಲ್ಲ. ಗಾಡಿ, ಡಬ್ಬಿ, ಸರಕು, ಜನ ಸೇರಿ ಎರಡು ಟನ್ ಎಂದಿಟ್ಟುಕೊಳ್ಳಿ. ಸಪಾಟು ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗಕ್ಕೆ ಗಾಲಿಯ ಹತ್ತಿರ ಸುಮಾರು 4 ಎಚ್‌ಪಿ ಸಾಕು. ನೂರು ಮೀಟರಿಗೆ ಐದು ಮೀಟರ್ ಏರುವ ದಾರಿಯಲ್ಲಿ ಅದೇ ವೇಗಕ್ಕೆ ಸುಮಾರು 15 ಎಚ್‌ಪಿ ಬೇಕು. ಹೆಚ್ಚುಕಡಿಮೆ ನಾಲ್ಕು ಪಟ್ಟು! ಇದರ ಮೇಲೆ ಬಿಸಿಲು. 15 ಡಿಗ್ರಿಯ ಗಾಳಿಗಿಂತ 42 ಡಿಗ್ರಿಯ ಗಾಳಿ ಶೇ. 8ಕ್ಕಿಂತ ಹೆಚ್ಚು ತೆಳು. ಟರ್ಬೊ ಇಲ್ಲದ ಇಂಜಿನ್ನಿಗೆ ಅದರಿಂದ ಶಕ್ತಿ ಕಡಿತ. ಎತ್ತರ ಹೆಚ್ಚಿದಂತೆ ಗಾಳಿ ಇನ್ನೂ ತೆಳುವಾಗುತ್ತದೆ. ಪೆಟ್ರೋಲ್ ಇಂಜಿನ್ನನ್ನೇ ಸಿಎನ್‌ಜಿಗೆ ಹೊಂದಿಸಿದಾಗ ಗ್ಯಾಸು ಗಾಳಿಯ ಜಾಗ ತಿನ್ನುವುದರಿಂದ ಎಳೆತ ಮತ್ತೆ ಕಡಿಮೆ. ಇವೆಲ್ಲ ಒಂದೇ ಏರಿನಲ್ಲಿ ಕೂಡಿಬಂದಿದ್ದವು.

ಎಚ್‌ಪಿ ಅಂಕಿ ಒಂದನ್ನೇ ನೋಡಿದರೂ ಮೋಸ ಹೋಗುತ್ತೀರಿ. ಮಾರುತಿ ಈಕೋದ ಈಗಿನ 1.2 ಲೀಟರ್ ಪೆಟ್ರೋಲ್ ಇಂಜಿನ್ನಿಗೆ ಸುಮಾರು 80 ಎಚ್‌ಪಿ. ಮಹೀಂದ್ರ ಬೊಲೆರೊ ಪಿಕಪ್‌ನ 2.5 ಲೀಟರ್ ಡೀಸೆಲ್ಲಿಗೆ ಸುಮಾರು 75. ಆದರೆ ಟಾರ್ಕ್, ಅಂದರೆ ತಿರುಗಿಸುವ ಬಲ ನೋಡಿ: ಮೊದಲನೆಯದಕ್ಕೆ 104 ನ್ಯೂಟನ್ ಮೀಟರ್, ಎರಡನೆಯದಕ್ಕೆ 200. ಪೆಟ್ರೋಲ್ ಇಂಜಿನ್ ಪೂರ್ಣ ಶಕ್ತಿ ಕೊಡುವುದು ನಿಮಿಷಕ್ಕೆ 6000 ಸುತ್ತಿನಲ್ಲಿ, ಡೀಸೆಲ್ ಅದರ ಅರ್ಧದ ಸುಮಾರಿಗೇ ಕೊಟ್ಟುಬಿಡುತ್ತದೆ. ಎರಡೂ ತಮ್ಮ ತಮ್ಮ ಕೆಲಸಕ್ಕೆ ಒಳ್ಳೆಯವೇ. 2005ರಲ್ಲಿ ಬಂದ ಟಾಟಾ ಏಸ್ ಬರೀ 16 ಎಚ್‌ಪಿಯ ಇಂಜಿನ್ನಿನಿಂದಲೇ ದೇಶದ ಗಲ್ಲಿಗಲ್ಲಿಗೂ ಸರಕು ಮುಟ್ಟಿಸಿ 'ಛೋಟಾ ಹಾಥಿ' ಎನಿಸಿಕೊಂಡಿತು. ಊರಿನ ಕೆಲಸಕ್ಕೆ ಊರಿನ ಗಾಡಿ, ಘಾಟಿನ ಕೆಲಸಕ್ಕೆ ಘಾಟಿನ ಗಾಡಿ.

ಆ ರಾತ್ರಿಯ ನಂತರ ಕೆಲವರು ಅದೇ ಗಾಡಿಗೆ ದೊಡ್ಡ ಇಂಜಿನ್ ಕೂಡಿಸಿಕೊಡುತ್ತೇವೆ ಎಂದರು. ಕೂಡಿಸುವ ಕೈಗಳು ಆಟೋನಗರದಲ್ಲಿ ಇಲ್ಲದಿಲ್ಲ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆಗೆ ಅವಕಾಶ ಕೊಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ನಾಳೆ ಅಪಘಾತವಾದರೆ ವಿಮೆಯವರು ಮೊದಲು ನೋಡುವುದು ಇಂಜಿನ್ ನಂಬರು. ಬೇಡವೆಂದೆ, ಗಾಡಿ ಮಾರಿಸಿದೆ.

ದೊಡ್ಡ ಇಂಜಿನ್ನಿನ ಗಾಡಿಗೆ ಸಾಲ ಕೇಳಲು ಹೋದಾಗ ಬ್ಯಾಂಕಿನ ಅಧಿಕಾರಿಯೊಬ್ಬರು, "ಇದೇ ಲೋಡ್ ಹೊರುವ ಕಡಿಮೆ ಬೆಲೆಯ ಗಾಡಿ ಇದೆಯಲ್ಲಮ್ಮಾ" ಎಂದು ಕಾಗದ ಬದಿಗಿಟ್ಟರು. ಮರಗುತ್ತಿಯ ಏರು ಅವರ ಫಾರಂನಲ್ಲಿ ಇರಲಿಲ್ಲ. ಬಂಗಾರ ಅಡವಿಟ್ಟು ಬಸವಕಲ್ಯಾಣದಲ್ಲೇ ಟರ್ಬೊ ಡೀಸೆಲ್‌ನ ಹಳೆಯ ಪಿಕಪ್ ಕೊಂಡೆ. ಕೊಳ್ಳುವ ಮೊದಲು ಚೀಲ ಹೇರಿಸಿ ಏರಿನ ನಡುವೆ ನಿಲ್ಲಿಸಿ ಎಬ್ಬಿಸಿ ನೋಡಿದೆ. ಈಗ ಅದೇ ಲೋಡು, ಅದೇ ಏರು. ಗಾಡಿ ಗೊಣಗದೆ ಹತ್ತುತ್ತದೆ. ಮಾವ ಹೇಳಿದ ಆವರೇಜ್ ಉಳಿತಾಯವೂ ಸುಳ್ಳಾಯಿತು. ಸಣ್ಣ ಇಂಜಿನ್ ಏರಿನಲ್ಲಿ ಕಿರುಚಿ ಕಿರುಚಿ ಕುಡಿದ ಇಂಧನ, ಸುಟ್ಟ ಕ್ಲಚ್ ಪ್ಲೇಟು, ಕಳೆದುಕೊಂಡ ಗಿರಾಕಿ ಎಲ್ಲ ಕೂಡಿಸಿದರೆ ದೊಡ್ಡ ಇಂಜಿನ್ನೇ ಅಗ್ಗ.

ಕೊಳ್ಳುವವರಿಗೆ ನಾನು ಹೇಳುವುದು ಇಷ್ಟು. ನಿಮ್ಮ ದಾರಿಯಲ್ಲಿ ಅತಿ ಕಡಿದಾದ ಏರು ಯಾವುದು, ಅದನ್ನು ಹತ್ತುವಾಗ ಗಾಡಿ ತುಂಬಿರುತ್ತದೋ ಖಾಲಿಯೋ ನೋಡಿ. ಎಚ್‌ಪಿ ಜೊತೆಗೆ ಟಾರ್ಕ್ ಎಷ್ಟು, ಎಷ್ಟು ಸುತ್ತಿನಲ್ಲಿ ಎಂದು ಕೇಳಿ. ಕಡಿಮೆ ಸುತ್ತಿನಲ್ಲೇ ಸಿಕ್ಕರೆ ಒಳ್ಳೆಯದು. ಡಬ್ಬಿಯ ತೂಕವೂ ಲೋಡಿನಲ್ಲೇ ಸೇರುತ್ತದೆ, ಅದನ್ನು ಕಳೆದು ಲೆಕ್ಕ ಹಾಕಿ. ದೊಡ್ಡ ಇಂಜಿನ್ ಇದೆಯೆಂದು ಹೆಚ್ಚು ಹೇರಬೇಡಿ: 2019ರ ತಿದ್ದುಪಡಿಯ ಪ್ರಕಾರ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಹ್ಯಾಂಡ್ ಬ್ರೇಕನ್ನು ಲೋಡಿನ ಸಮೇತ ಇಳಿಜಾರಿನಲ್ಲೇ ಪರೀಕ್ಷಿಸಿ.

ಗಾಡಿ ಓಡಿಸುವವರನ್ನು, ಲೋಡ್ ಇಳಿಸುವವರನ್ನು ಕೇಳದೆ ಮುಂಗಡ ಕೊಡಬೇಡಿ. ಏರಿನಲ್ಲಿ ಗಾಲಿಯ ಹಿಂದೆ ನಿಲ್ಲುವವರು ಅವರೇ, ಹಣ ಹಾಕಿದವರಲ್ಲ. ತುಂಬಿದ ಲೋಡಿನ ಜೊತೆ ಏರು ಹತ್ತಿಸಿ ತೋರಿಸಲು ಒಪ್ಪದವರ ಹತ್ತಿರ, ಅವರು ಎಷ್ಟೇ ಕಡಿಮೆ ಕಂತು ಹೇಳಲಿ, ಗಾಡಿ ಕೊಳ್ಳಲೇಬೇಡಿ.