ಆರೋಗ್ಯ ಪ್ರಶ್ನೋತ್ತರ: ಹಳೆ ಸ್ಟ್ರಿಪ್ ಡಬ್ಬಿಯಿಂದ ತೆಗೆಯಿರಿ

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 74 ವರ್ಷ. ಲಕ್ವ ಹೊಡೆದು ಆಸ್ಪತ್ರೆಯಲ್ಲಿದ್ದು ಈಗ ಮನೆಗೆ ಬಂದಿದ್ದಾರೆ. ಮೂಗಿನ ಪೈಪ್‌ನಲ್ಲಿ ಊಟ, ಎರಡು ಹೊತ್ತು ಇನ್ಸುಲಿನ್. ಏಜೆನ್ಸಿಯಿಂದ ಹಗಲಿಗೊಬ್ಬರು, ರಾತ್ರಿಗೊಬ್ಬರು ಬರುತ್ತಾರೆ. ಮೊನ್ನೆ ಶುಗರ್ 58ಕ್ಕೆ ಇಳಿದು ಬೆವೆತುಹೋದರು. ಮನೆಯಲ್ಲಿಟ್ಟುಕೊಂಡು ತಪ್ಪು ಮಾಡುತ್ತಿದ್ದೇವೆಯೇ?
– ಓದುಗರು, ಯಲಹಂಕ ಉಪನಗರ

ಉತ್ತರ: ತಪ್ಪೇನಿಲ್ಲ. ಆದರೆ ಕೈ ಬದಲಾಗುವ ಹೊತ್ತಿನಲ್ಲಿ ಎಚ್ಚರ ಬೇಕು. ಏಳೂವರೆಗೆ ಇನ್ಸುಲಿನ್ ಕೊಟ್ಟದ್ದು ಎಂಟಕ್ಕೆ ಬಂದವರಿಗೆ ಗೊತ್ತಿಲ್ಲದಿದ್ದರೆ ಇನ್ನೊಮ್ಮೆ ಕೊಟ್ಟುಬಿಡುತ್ತಾರೆ.

ಮೊದಲು ಸಿರಿಂಜ್ ನೋಡಿ. ನಮ್ಮಲ್ಲಿ ಸಿಗುವ ಇನ್ಸುಲಿನ್ ಬಾಟಲಿಗಳಲ್ಲಿ ಕೆಲವು ಮಿಲಿಲೀಟರಿಗೆ 40 ಯೂನಿಟ್, ಕೆಲವು 100. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಔಷಧವನ್ನು ಕೆಂಪು ಸಿರಿಂಜ್‌ನಲ್ಲಿ 10ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 25 ಯೂನಿಟ್! ಇನ್ಸುಲಿನ್ ಕೊಟ್ಟ ಮೇಲೆ ಪೈಪ್ ಊಟ ತಡವಾದರೂ ಶುಗರ್ ಕುಸಿಯುತ್ತದೆ. 70ಕ್ಕಿಂತ ಇಳಿದರೆ ತಲೆ ಎತ್ತರಿಸಿ, ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಪೈಪ್‌ನಲ್ಲೇ ಕೊಡಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದರೆ 108ಕ್ಕೆ ಕರೆ ಮಾಡಿ. ಮೊನ್ನೆಯ 58ರ ವಿಷಯ ನಿಮ್ಮ ಡಾಕ್ಟರಿಗೆ ಇವತ್ತೇ ತಿಳಿಸಿ, ಡೋಸ್ ಬದಲಿಸಬೇಕಾಗಬಹುದು.

ಇನ್ನು ಮಾತ್ರೆ ಡಬ್ಬಿ. ಮುಂಚಿನಿಂದ ತೆಗೆದುಕೊಳ್ಳುತ್ತಿದ್ದ ಬಿಪಿ ಮಾತ್ರೆ ಒಂದು ಕಂಪನಿಯದು, ಡಿಸ್ಚಾರ್ಜ್ ಚೀಟಿಯದು ಇನ್ನೊಂದರದು. ಹೆಸರು ಬೇರೆಯಾದರೂ ಎರಡರಲ್ಲೂ ಅಮ್ಲೋಡಿಪಿನ್ ಇರಬಹುದು. ಎರಡನ್ನೂ ಕೊಟ್ಟರೆ ಕೂರಿಸಿದ ಕೂಡಲೇ ತಲೆಸುತ್ತು. ಸ್ಟ್ರಿಪ್ ಹಿಂದಿನ ಸಣ್ಣಕ್ಷರ ಓದಿ, ಚೀಟಿಯಲ್ಲಿ ಇಲ್ಲದ್ದನ್ನು ಡಬ್ಬಿಯಿಂದ ತೆಗೆದು ಡಾಕ್ಟರಿಗೆ ತೋರಿಸಿ. ‘ಎಸ್‌ಆರ್’, ‘ಎಕ್ಸ್‌ಎಲ್’ ಎಂದಿರುವ ಮಾತ್ರೆಯನ್ನು ಪುಡಿ ಮಾಡಿ ಪೈಪ್‌ಗೆ ಹಾಕಬೇಡಿ. ದಿನವಿಡೀ ಕೆಲಸ ಮಾಡಬೇಕಾದದ್ದು ಒಮ್ಮೆಗೇ ರಕ್ತಕ್ಕಿಳಿಯುತ್ತದೆ.

ಮಂಚದ ಪಕ್ಕ ಒಂದು ನೋಟ್‌ಬುಕ್ ಇಡಿ: ಸಮಯ, ಶುಗರ್, ಯೂನಿಟ್, ಊಟ, ಮಗ್ಗುಲು ಬದಲಿಸಿದ್ದು, ಸಹಿ. ಕೊಡುವ ಮೊದಲು ಹಿಂದಿನ ಸಾಲು ನೋಡಬೇಕು, ಕೊಟ್ಟ ತಕ್ಷಣ ಬರೆಯಬೇಕು. ಕನ್ನಡ ಬರದವರಿಗೆ ಅಂಕಿ, ಟಿಕ್ ಸಾಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಪೈಪ್ ಊಟದ ವೇಳೆಯಲ್ಲೂ ಆಮೇಲೆ ಒಂದು ಗಂಟೆಯೂ ತಲೆದೆಸೆ ಎತ್ತರದಲ್ಲಿರಲಿ. ಕೆಮ್ಮು ಬಂದರೆ ತಕ್ಷಣ ನಿಲ್ಲಿಸಿ.

ಏಜೆನ್ಸಿ ಕಳಿಸಿದವರು ನರ್ಸೋ, ಅಟೆಂಡರೋ ಎಂದು ಕೇಳಿ. ನರ್ಸ್ ಆದರೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ ತೋರಿಸಲಿ. ಪೈಪ್ ಬದಲಿಸುವ ಕೆಲಸ ಅಟೆಂಡರ್ ಕೈಗೆ ಕೊಡಬೇಡಿ.

ಪ್ರಶ್ನೆ: ತಾಯಿಗೆ ಸಿಒಪಿಡಿ. ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಇದೆ. ಕರೆಂಟ್ ಹೋದರೆ ಏನು ಮಾಡಲಿ?
– ಓದುಗರು, ಆರ್.ಟಿ. ನಗರ

ಉತ್ತರ: ಬೆಸ್ಕಾಂ ಸಹಾಯವಾಣಿ 1912ಕ್ಕೆ ದೂರು ಕೊಡಿ, ಆದರೆ ಅದನ್ನೇ ನಂಬಿ ಕೂರಬೇಡಿ. ಹೆಬ್ಬಾಳದ ಸಂಜೆಯ ಟ್ರಾಫಿಕ್ಕಿನಲ್ಲಿ ಸಿಲಿಂಡರ್ ತರಿಸುವುದು ಆಗುವ ಮಾತಲ್ಲ, ಮನೆಯಲ್ಲೇ ಒಂದಿರಲಿ. ತುಂಬಿದ ಬಿ-ಟೈಪ್ ಸಿಲಿಂಡರ್‌ನಲ್ಲಿ ಸುಮಾರು 1,500 ಲೀಟರ್ ಇರುತ್ತದೆ; ನಿಮಿಷಕ್ಕೆ 2 ಲೀಟರ್‌ನಂತೆ 12 ಗಂಟೆ ಬರುತ್ತದೆ. ಉಸಿರು ಕಟ್ಟುತ್ತಿದೆ ಎಂದು ನೀವೇ ಫ್ಲೋ ಹೆಚ್ಚಿಸಬೇಡಿ. ಸಿಒಪಿಡಿಯಲ್ಲಿ ಅತಿಯಾದ ಆಕ್ಸಿಜನ್ ಕೂಡ ಕೇಡು. ದೀಪ, ಊದುಬತ್ತಿ ಬೇರೆ ಕೋಣೆಯಲ್ಲಿರಲಿ. ಮೂಗಿಗೆ ವ್ಯಾಸಲೀನ್ ಬೇಡ. ಸಿಲಿಂಡರ್‌ನ ಕೀ, ಗೇಜ್ ಇವತ್ತೇ ಪರೀಕ್ಷಿಸಿ. ಖಾಲಿ ಇದೆ ಎಂಬುದು ಕರೆಂಟ್ ಹೋದ ಮೇಲೆ ಗೊತ್ತಾಗಬಾರದು.