ಹೂಜಿ ಗಿಡಕ್ಕೊಂದು ಗಾಜಿನ ಪೆಟ್ಟಿಗೆ

ಸುಳ್ಯ

ಚಿರಂಜೀವಿ ಪುಟ್ಟನಿಗೆ,

ಮಳೆ ಬಿಡದೆ ಅಡಿಕೆಗೆ ಮದ್ದು ಬಿಡುವುದು ಬಾಕಿಯಾಗಿದೆ. ಬೆಂಗಳೂರಿನ ಫ್ಲಾಟಿನಲ್ಲಿ, ಹುಳ ಹಿಡಿದು ತಿನ್ನುವ ಹೂಜಿ ಗಿಡ ಸಾಕಲು ಗಾಜಿನ ಪೆಟ್ಟಿಗೆ ಮಾಡಿಸುತ್ತೀಯಂತೆ. ನಿನ್ನ ಅಮ್ಮನಿಗೆ ಖರ್ಚಿನ ಚಿಂತೆ, ನನಗೆ ಖುಷಿ.

ಆದರೆ ನೀನು ಕಳಿಸಿದ ಪಟ್ಟಿಯಲ್ಲಿ ಮೊದಲ ಹೆಸರೇ ನೆಪೆಂಥಿಸ್ ರಾಜಾ! ಅದು ಬೋರ್ನಿಯೋದ ಕಿನಬಾಲು ಮತ್ತು ಪಕ್ಕದ ತಂಬುಯುಕೋನ್ ಬೆಟ್ಟಗಳಲ್ಲಿ ಮಾತ್ರ, 1500 ಮೀಟರಿನಿಂದ ಮೇಲೆ ಇರುವಂಥದ್ದು. ನಮ್ಮ ಕುಮಾರಪರ್ವತದ ತುದಿಯೇ 1712 ಮೀಟರ್. ಹಗಲು ತಂಪಿರಬೇಕು, ಏಪ್ರಿಲ್ ತಿಂಗಳಲ್ಲೂ ರಾತ್ರಿ 15 ಡಿಗ್ರಿಯ ಆಸುಪಾಸಿಗೆ ಇಳಿಯಬೇಕು. ಅಂದರೆ ಪೆಟ್ಟಿಗೆಗೊಂದು ಏಸಿ. ಬಾಡಿಗೆ ಮನೆಯಲ್ಲಿ ಆ ಉಸಾಬರಿ ಬೇಡ ಮಾರಾಯ. ಗಿಡ ಆರಿಸಿ ಹವೆ ಹುಡುಕಲು ಹೊರಡಬೇಡ; ಕೋಣೆಯ ಹವೆ ನೋಡಿ ಗಿಡ ಆರಿಸು.

ಬೆಂಗಳೂರಿಗೆ ಒಗ್ಗುವುದು ಮೇಘಾಲಯದ ನೆಪೆಂಥಿಸ್ ಖಾಸಿಯಾನಾ. ಅಲ್ಪಸ್ವಲ್ಪ ಚಳಿಯನ್ನೂ ಸೆಕೆಯನ್ನೂ ತಡೆದುಕೊಳ್ಳುತ್ತದೆ. ಭಾರತದ ಕಾಡಿನಲ್ಲಿರುವ ಹೂಜಿ ಗಿಡ ಅದೊಂದೇ. ಇಷ್ಟು ಮಳೆ ಸುರಿಯುವ ನಮ್ಮ ಘಟ್ಟದಲ್ಲಿ ಒಂದೂ ಇಲ್ಲ, ಸಮುದ್ರ ದಾಟಿದರೆ ಶ್ರೀಲಂಕಾದಲ್ಲಿದೆ! (ನಮ್ಮ ಮುರಕಲ್ಲಿನ ಪಾದೆಯ ಮೇಲೆ ಅಂಟು ಹನಿ ಹೊತ್ತು ನಿಲ್ಲುವ ಡ್ರಾಸೆರಾ ಉಂಟು, ಅಷ್ಟೇ ಸಮಾಧಾನ.) ಗಾರೋ ಬೆಟ್ಟದ ಬಾಘ್ಮಾರಾದಲ್ಲಿ ಖಾಸಿಯಾನಾಕ್ಕೆಂದೇ ರಕ್ಷಿತ ತಾಣವಿದೆ. ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿ ಅದೂ ಇದೆ, ರಾಜಾ ಕೂಡ ಇದೆ. ಕಾಡಿನಿಂದ ಕಿತ್ತದ್ದು ಎಷ್ಟು ಅಗ್ಗವಾದರೂ ಬೇಡ. ಟಿಶ್ಯೂ ಕಲ್ಚರ್ ಗಿಡವನ್ನೋ ಬೀಜದಿಂದ ಎಬ್ಬಿಸಿದ್ದನ್ನೋ ಬಿಲ್ ಸಮೇತ ತಕ್ಕೊ.

ಪೆಟ್ಟಿಗೆಗೆ ಹಳೆಯ ಮೀನಿನ ತೊಟ್ಟಿ ಸಾಕು. ಮುಚ್ಚಿದ ಗಾಜು ತೇವ ಹಿಡಿದಿಡುತ್ತದೆ, ಉಪಾಯ ಹಳೆಯದು. 1829ರಲ್ಲಿ ಲಂಡನ್ನಿನ ವೈದ್ಯ ವಾರ್ಡ್, ಪತಂಗದ ಕೋಶ ಇಟ್ಟು ಮುಚ್ಚಿದ್ದ ಬಾಟಲಿಯೊಳಗೆ ಜರೀಗಿಡ ಮೊಳೆತದ್ದನ್ನು ಕಂಡ. 1833ರಲ್ಲಿ ಅವನ ಗಾಜಿನ ಪೆಟ್ಟಿಗೆಯಲ್ಲಿ ಗಿಡಗಳು ಹಡಗೇರಿ ಸಿಡ್ನಿಗೆ ಹೋದವು. ನಮ್ಮ ಕಡೆಯ ನರ್ಸರಿಗಳಲ್ಲಿ ಗೇರು ಕಸಿಯ ತುದಿಗೆ ಉದ್ದದ ತೊಟ್ಟೆ ತೊಡಿಸಿ, ಚಿಗುರು ಕಂಡ ಮೇಲೆ ತೆಗೆಯುತ್ತಾರಲ್ಲ, ಅದೂ ಇದೇ ಉಪಾಯ. ಕೊರಿಯರಿನಲ್ಲಿ ಬಂದ ಗಿಡಕ್ಕೂ ಹಾಗೇ ಮಾಡು: ಮೊದಲು ಪೂರ್ತಿ ಮುಚ್ಚು, ಆಮೇಲೆ ದಿನಕ್ಕಿಷ್ಟಿಷ್ಟು ತೆರೆ.

ತೊಟ್ಟಿಯ ತಳದಲ್ಲಿ ನೀರು, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಕುಂಡ. ಬಿಳಿ ಎಲ್‌ಇಡಿ ದಿನಕ್ಕೆ 12ರಿಂದ 14 ಗಂಟೆ ಉರಿಯಲಿ, ಟೈಮರ್ ಹಾಕಿಬಿಡು. ತೇವಾಂಶ 70ರಿಂದ 80 ಶೇಕಡಾ ಇರಲಿ. ಹಳೆ ಕಂಪ್ಯೂಟರಿನ ಫ್ಯಾನ್ ಒಂದನ್ನು ಮರೆಯಬೇಡ. ತೇವ ಇದ್ದು ಗಾಳಿ ಆಡದಿದ್ದರೆ ಫಂಗಸ್ ಬಂದೇ ಬರುತ್ತದೆ. ಅಡಿಕೆಯ ಕೊಳೆರೋಗ ನೋಡಿ ಬೆಳೆದವನಿಗೆ ಇದನ್ನು ಹೇಳಬೇಕಾಗಿಲ್ಲ.

ನನ್ನ ಜಗಲಿಯಲ್ಲಿ ತೂಗುತ್ತಿರುವುದು ನರ್ಸರಿಯ ಮಿಶ್ರತಳಿ. ಎಲೆಯ ತುದಿಯಿಂದ ಇಳಿದ ಬಳ್ಳಿಯ ಕೊನೆ ಮೊದಲು ಅಕ್ಕಿಕಾಳಿನಷ್ಟು ಉಬ್ಬುತ್ತದೆ, ಆಮೇಲೆ ಮೇಲಕ್ಕೆ ಡೊಂಕಾಗಿ, ಮುಚ್ಚಳ ಬಿಗಿದುಕೊಂಡೇ ದೊಡ್ಡದಾಗುತ್ತದೆ. ಬಾಯಿ ಬಿಡುವ ಮೊದಲೇ ಹೊಟ್ಟೆಯಲ್ಲಿ ನೀರಿರುತ್ತದೆ. ಅದು ಮಳೆಯದ್ದಲ್ಲ, ಗಿಡ ತಾನೇ ಸುರಿಸಿದ ಜೀರ್ಣರಸ. ಗಾಳಿ ಒಣಗಿದರೆ ಆ ಅಕ್ಕಿಕಾಳು ಅಲ್ಲೇ ಕಪ್ಪಾಗಿ ಕರಟುತ್ತದೆ. ಎಲೆ ಹಸಿರಾಗಿದ್ದೂ ಹೂಜಿ ಬರುತ್ತಿಲ್ಲವೆಂದರೆ ಮೊದಲು ತೇವಾಂಶ, ಆಮೇಲೆ ಬೆಳಕು ನೋಡು. ರಸ ಚೆಲ್ಲಿಹೋದ ಹೂಜಿಗೆ ಮೂರನೇ ಒಂದು ಪಾಲು ಶುದ್ಧ ನೀರು ಹಾಕಿದರಾಯಿತು. ಕೋಳಿ ತುಂಡು ಹಾಕುವ ಹುಚ್ಚು ಬೇಡ, ಇರುವೆ ಸಾಕು.

ಗಿಡ ಸಾಯುವುದು ಹೆಚ್ಚಾಗಿ ನೀರಿನಿಂದ. ಬೋರ್‌ವೆಲ್ಲಿನ ಗಡಸು ನೀರು ತಾಗಿಸಲೇಬೇಡ. ಮಳೆನೀರು ಹಿಡಿದಿಡು, ಇಲ್ಲವೇ ಆರ್‌ಒ ನೀರು ಹಾಕು, ಕರಗಿದ ಲವಣದ ಅಳತೆ (ಟಿಡಿಎಸ್) 50ರೊಳಗಿರಲಿ. ಸಾರವಿಲ್ಲದ ನೆಲಕ್ಕೆ ಒಗ್ಗಿದ ಬೇರು ಅದು, ಹಟ್ಟಿಗೊಬ್ಬರ ಕೊಟ್ಟರೆ ಸುಟ್ಟುಹೋದೀತು. ಸ್ಫ್ಯಾಗ್ನಮ್ ಪಾಚಿಗೆ ಪರ್ಲೈಟ್ ಬೆರೆಸು. ತೆಂಗಿನ ಸಿಪ್ಪೆಯ ಚೂರು ಹಾಕುವುದಾದರೆ ಉಪ್ಪಿನಂಶ ಹೋಗುವವರೆಗೆ ನೆನೆಸಿ ತೊಳೆ.

ನಿನ್ನ ಪಟ್ಟಿಯ ಕೊನೆಯಲ್ಲಿ ನೆಪೆಂಥಿಸ್ ಆಂಪುಲೇರಿಯಾ ಇದೆಯಲ್ಲ, ಅದು ತಗ್ಗು ನೆಲದ್ದು, ನಮ್ಮ ಸೆಕೆಗೆ ಸರಿಹೊಂದುತ್ತದೆ. ಕೀಟಗಳ ಜೊತೆಗೆ ಉದುರಿದ ತರಗೆಲೆಯಿಂದಲೂ ಸಾರ ಹೀರುವ ಗಿಡ. ನಮ್ಮ ತೋಟದಲ್ಲಿ ಎಲೆಗೇನು ಬರವೇ? ದೀಪಾವಳಿಗೆ ಬರುವಾಗ ಒಂದು ತಾ. ಬಸ್ಸಿನ ಏಸಿ ಗಾಳಿ ತಾಗದ ಹಾಗೆ ಕಟ್ಟಿಕೊಂಡು ಬಾ, ಟಿಕೆಟನ್ನು ಈಗಲೇ ಬುಕ್ ಮಾಡು.

ನಿನ್ನ
ಅಜ್ಜ